ಬಟಾಣಿಯ ಮೊದಲ ಹೆಜ್ಜೆಯನ್ನು ಭಾನುವಾರದವರೆಗೆ ತಡೆಹಿಡಿಯುವ ಬಗ್ಗೆ

ಗೃಹ ಸಂಚಾರ ಮತ್ತು ಬೀಳುವಿಕೆ ನಿರ್ವಹಣಾ ಇಲಾಖೆ
(ನಡುಮನೆ ವಿಭಾಗ)

ಸುತ್ತೋಲೆ ಸಂಖ್ಯೆ: ಗೃಸಂಬೀ/ನಡಿಗೆ/04/ಗೋಪ್ಯ
ದಿನಾಂಕ: ಗುರುವಾರ, ಮಗು ಮಲಗಿರುವ ಅವಧಿಯಲ್ಲಿ

ವಿಷಯ: ಮನೆಯಲ್ಲಿ ಬಟಾಣಿ ಎಂದು ಕರೆಯಲಾಗುವ ಹನ್ನೊಂದು ತಿಂಗಳ ಮಗುವು ನಡೆಯಲು ಕಲಿಯುವಾಗ ಮನೆಯವರು ಪಾಲಿಸತಕ್ಕ ಸುರಕ್ಷತಾ ಕ್ರಮಗಳು ಹಾಗೂ ಮೊದಲ ಹೆಜ್ಜೆಗೆ ಮಾನ್ಯತೆ ನೀಡುವ ಕುರಿತು.

ಉಲ್ಲೇಖ:
(ಅ) ಬುಧವಾರ ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ನಡುಮನೆಯಲ್ಲಿ ನಡೆದ ಘಟನೆ.
(ಆ) ಸದರಿ ಘಟನೆಯ ಬಗ್ಗೆ ಅಜ್ಜಿಯವರು ಅಡುಗೆಮನೆ ಬಾಗಿಲಿನಿಂದ ಹೊರಡಿಸಿದ ಉದ್ಗಾರ.
(ಇ) ಅಂಬೆಗಾಲು ಕುರಿತ ಈ ಕಚೇರಿಯ ಹಿಂದಿನ ಸುತ್ತೋಲೆ. (ಯಾರೂ ಓದಿರುವುದಿಲ್ಲ.)

ಪ್ರಸ್ತಾವನೆ:

ಮಗುವಿನ ತಾಯಿಯವರು ಹೆರಿಗೆ ರಜೆಯನ್ನೂ ಅದರ ಮೇಲೆ ಪಡೆದ ಸಂಬಳರಹಿತ ರಜೆಯನ್ನೂ ಮುಗಿಸಿ, ಮೂರು ವಾರಗಳ ಹಿಂದೆ ಕನ್ನಡಕದ ಅಂಗಡಿಯ ಕೆಲಸಕ್ಕೆ ಮರಳಿರುತ್ತಾರೆ. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಬರುವುದು ಸಂಜೆ ಆರಕ್ಕೆ. ಮೊದಲ ದಿನ ಚಪ್ಪಲಿ ಮೆಟ್ಟಿದವರು ಬಾಗಿಲಲ್ಲೇ ನಿಂತು, "ನಾನಿಲ್ದಾಗ ಇವಳು ನಡೆದುಬಿಟ್ರೆ ಏನ್ ಮಾಡ್ಲಿ?" ಎಂದು ಕೇಳಿ ಕಣ್ಣೊರೆಸಿಕೊಂಡದ್ದನ್ನು ಕಡತಕ್ಕೆ ಸೇರಿಸಲಾಗಿದೆ. ದಿನವಿಡೀ ಊರಿನವರ ದೃಷ್ಟಿ ಪರೀಕ್ಷಿಸುವವರಿಗೆ ತಮ್ಮ ಮಗುವಿನ ಮೊದಲ ಹೆಜ್ಜೆಯನ್ನು ನೋಡುವ ಯೋಗವಿಲ್ಲವೆಂದರೆ ಅದು ಈ ಇಲಾಖೆಗೆ ಶೋಭೆಯಲ್ಲ. ಆದ್ದರಿಂದ ಈ ಆದೇಶ.

1. ನಯವಾದ ನೆಲದ ಮೇಲೆ ಮಗುವು ಬರಿಗಾಲಲ್ಲೇ ಇರತಕ್ಕದ್ದು. ಕಾಲುಚೀಲ ನಿಷೇಧಿಸಲಾಗಿದೆ. ಸೋದರಮಾವ ತಂದುಕೊಟ್ಟ, ಒತ್ತಿದರೆ ಕೀಚ್ ಎನ್ನುವ ಬೂಟುಗಳನ್ನು ವಶಪಡಿಸಿಕೊಂಡು ಅಟ್ಟಕ್ಕೆ ಏರಿಸಲಾಗಿದೆ. ಸದರಿ ಮಾವನು ಅಟ್ಟ ಹತ್ತಿ, ಅವನ್ನು ಕೈಗೆ ಹಾಕಿಕೊಂಡು ಕೀಚ್ ಕೀಚ್ ಎನ್ನಿಸುತ್ತಿದ್ದುದು ಗಮನಕ್ಕೆ ಬಂದಿದೆ.

2. ಮೇಜು, ಕಪಾಟುಗಳ ಮೂಲೆಗಳಿಗೆ ಹಳೆಯ ಹೊದಿಕೆಗಳನ್ನು ಸುತ್ತಿ ಕಟ್ಟಲಾಗಿದೆ. ಯಾವ ಖಾನೆ ಎಲ್ಲಿದೆ ಎಂಬುದು ಈಗ ಯಾರಿಗೂ ತಿಳಿಯುತ್ತಿಲ್ಲ. ಖಾನೆ ತೆರೆಯಬೇಕಾದವರು ಮುಂಚಿತವಾಗಿ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿ ಬರೆಯುವ ಕಾಗದವು ಸದರಿ ಖಾನೆಯಲ್ಲಿಯೇ ಇರುತ್ತದೆ.

3. ಪ್ರತಿದಿನ ಬೆಳಿಗ್ಗೆ ಮನೆಯವರೆಲ್ಲರೂ ಮಗುವಿನ ಎತ್ತರಕ್ಕೆ ಇಳಿದು, ಅಂದರೆ ಅಂಬೆಗಾಲಿನಲ್ಲಿ, ನೆಲವನ್ನು ತಪಾಸಣೆ ಮಾಡತಕ್ಕದ್ದು. ಮೊದಲ ತಪಾಸಣೆಯಲ್ಲಿ ಒಂದು ಅಂಗಿಗುಂಡಿ, ಪೆನ್ನಿನ ಮುಚ್ಚಳ, ರಿಮೋಟಿನ ಬ್ಯಾಟರಿ ಹಾಗೂ ಕಳೆದ ವರ್ಷ ಕಾಣೆಯಾಗಿ ಮನೆಯವರ ನಡುವೆ ಮೂರು ದಿನ ಮಾತು ನಿಲ್ಲಿಸಿದ್ದ ಬೀರುವಿನ ಕೀಲಿ ದೊರೆತಿವೆ. ಕೆಳಗೆ ಸಹಿ ಮಾಡಿರುವವರನ್ನು ತಪಾಸಣೆಯ ನಂತರ ಎತ್ತಿ ನಿಲ್ಲಿಸಲು ಇಬ್ಬರು ಬೇಕಾದದ್ದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

4. ಪಕ್ಕದ ಮನೆಯವರು ಕೊಟ್ಟಿದ್ದ ಚಕ್ರದ ವಾಕರನ್ನು ವಂದನೆಗಳೊಂದಿಗೆ ಹಿಂದಿರುಗಿಸಲಾಗಿದೆ. ಚಕ್ರ ಓಡುತ್ತದೆ, ಮಗು ಕಲಿಯುವುದಿಲ್ಲ. ಮೆಟ್ಟಿಲ ಬಳಿ ಹೋದರೆ ಹಿಡಿಯುವಷ್ಟರಲ್ಲಿ ಕೈಮೀರಿರುತ್ತದೆ. ಅವರ ಮಗು ಒಂಬತ್ತನೇ ತಿಂಗಳಿಗೇ ನಡೆಯಿತೆಂದು ಅವರು ಈವರೆಗೆ ಆರು ಬಾರಿ ತಿಳಿಸಿರುತ್ತಾರೆ. ಏಳನೇ ಬಾರಿ ತಿಳಿಸಿದಲ್ಲಿ ಮುಗುಳ್ನಗತಕ್ಕದ್ದು. ಹಲ್ಲು ಕಡಿಯುವ ಸದ್ದು ಹೊರಗೆ ಕೇಳಬಾರದು.

5. ಮಗುವನ್ನು ಒಂದೇ ಕೈ ಹಿಡಿದು ಮೇಲಕ್ಕೆ ಜಗ್ಗಬಾರದು. ಹಿರಿಯರೇ ಬಗ್ಗಬೇಕು. ಒಬ್ಬರು ಬಗ್ಗುವ ಅವಧಿ ಹತ್ತು ನಿಮಿಷ. ನಂತರ ಮತ್ತೊಬ್ಬರಿಗೆ ಪ್ರಭಾರ ವಹಿಸತಕ್ಕದ್ದು. "ಹಿಡ್ಕೊಂಡ್ಯಾ?" "ಹೂಂ, ಹಿಡ್ಕೊಂಡೆ, ಬಿಡು" ಎಂಬ ಮಾತುಗಳು ಸ್ಪಷ್ಟವಾಗಿ ವಿನಿಮಯವಾಗದ ಹೊರತು ಯಾರೂ ಕೈಬಿಡುವಂತಿಲ್ಲ.

6. ಮಗುವು ದೊಪ್ಪನೆ ಕೂತರೆ ಅದನ್ನು ಬೀಳುವಿಕೆ ಎಂದು ಪರಿಗಣಿಸತಕ್ಕದ್ದಲ್ಲ. ಬಿದ್ದ ಮಗುವು ಮೊದಲು ಸುತ್ತಲಿನವರ ಮುಖ ನೋಡಿ, ಅಳಬೇಕೋ ಬೇಡವೋ ಎಂದು ಆಮೇಲೆ ತೀರ್ಮಾನಿಸುವುದು ಕಂಡುಬಂದಿದೆ. ಆದ್ದರಿಂದ "ಅಯ್ಯಯ್ಯೋ, ಬಿತ್ತಲ್ರೀ ಕೂಸು!" ಎಂದು ಕೂಗುವುದನ್ನು ರದ್ದುಪಡಿಸಲಾಗಿದೆ. ಎಲ್ಲರೂ ಬಸ್ಸಿಗೆ ಕಾಯುವವರ ಮುಖ ಇಟ್ಟುಕೊಳ್ಳತಕ್ಕದ್ದು. ಅಜ್ಜಿಯವರಿಂದ ಇದು ಸಾಧ್ಯವಿಲ್ಲವೆಂದು ಅನುಭವದಿಂದ ತಿಳಿದಿರುವುದರಿಂದ ಅವರು ಗೋಡೆಯ ಕಡೆ ತಿರುಗತಕ್ಕದ್ದು. ಸಮಾಧಾನಪಡಿಸುವ ನೆಪದಲ್ಲಿ ನೆಲಕ್ಕೆ ಏಟು ಕೊಡುವುದನ್ನೂ ನಿಲ್ಲಿಸಲಾಗಿದೆ. ವಿಚಾರಣೆಯಲ್ಲಿ ನೆಲದ ತಪ್ಪೇನೂ ಇಲ್ಲವೆಂದು ಸಾಬೀತಾಗಿದೆ.

7. ಯಾವ ಆಸರೆಯೂ ಇಲ್ಲದೆ, ಒಂದೇ ದಿಕ್ಕಿಗೆ, ತಾಯಿಯ ಸಮಕ್ಷಮದಲ್ಲಿ ಇಟ್ಟ ಹೆಜ್ಜೆಯನ್ನು ಮಾತ್ರ 'ಮೊದಲ ಹೆಜ್ಜೆ' ಎಂದು ಮಾನ್ಯ ಮಾಡಲಾಗುವುದು. ಉಳಿದದ್ದೆಲ್ಲ ಪೂರ್ವಾಭ್ಯಾಸ. ತಾಯಿಯವರಿಲ್ಲದಾಗ ಮಗುವು ನಡೆಯುವ ಲಕ್ಷಣ ತೋರಿದಲ್ಲಿ, ಹತ್ತಿರವಿರುವವರು ಕೈಚಾಚಿಕೊಂಡೇ ಛಾವಣಿಯತ್ತ ನೋಡತಕ್ಕದ್ದು.

8. ಉಲ್ಲೇಖ (ಅ)ರ ಘಟನೆಯ ಬಗ್ಗೆ ಸ್ಪಷ್ಟೀಕರಣ: ಬುಧವಾರ ಬಟಾಣಿಯು ಸ್ಟೂಲನ್ನು ಬಿಟ್ಟು, ಕೆಳಗೆ ಸಹಿ ಮಾಡಿರುವವರ ಮೊಣಕಾಲಿನವರೆಗೆ ನಾಲ್ಕು ಹೆಜ್ಜೆ ಇಟ್ಟಿರುವುದು ನಿಜ. ಸದರಿಯವರು ಛಾವಣಿಯತ್ತ ನೋಡಲಿಲ್ಲ. ಕೈಯಲ್ಲಿದ್ದ ಪತ್ರಿಕೆಯನ್ನು ಬಿಸುಟು, "ಬಾರೇ ನನ್ನವ್ವಾ, ಬಾ, ಬಾ" ಎಂದು ಕರೆದದ್ದೂ, ಬಳಿಕ ಅದೇ ಪತ್ರಿಕೆಯಿಂದ ಕಣ್ಣೊರೆಸಿ ಕೆನ್ನೆಗೆಲ್ಲ ಮಸಿ ಮಾಡಿಕೊಂಡದ್ದೂ ನಿಜ. ರೂಢಿಬಲದಿಂದ ದಿನಚರಿಯಲ್ಲಿ ಸಮಯ ಸಹಿತ ನಮೂದಿಸಿ ಸಹಿಯನ್ನೂ ಹಾಕಿದ್ದರು. ಆ ನಮೂದನ್ನು ಈ ಮೂಲಕ ರದ್ದುಗೊಳಿಸಿ, ಪುಟದ ಮೇಲೆ ಬಿಳಿ ಕಾಗದ ಅಂಟಿಸಲಾಗಿದೆ. ಪುಟವನ್ನು ಹರಿಯಲು ಮಾತ್ರ ಕೈ ಬರಲಿಲ್ಲ.

9. ಇಷ್ಟೊಂದು ಬಿಗಿ ಏಕೆಂದು ಮಾವನು ಕೇಳಿರುವುದರಿಂದ ಉತ್ತರಿಸಲಾಗುತ್ತಿದೆ. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ, ಈಗಿನ ತಾಯಿಯವರು ಇದೇ ವಯಸ್ಸಿನವರಿದ್ದಾಗ, ಕೆಲಸದ ದಿನವೊಂದರ ಮಧ್ಯಾಹ್ನ ಮೂರು ಗಂಟೆಗೆ ಮೊದಲ ಹೆಜ್ಜೆ ಇಟ್ಟರು. ಆ ಹೊತ್ತಿನಲ್ಲಿ ಅವರ ತಂದೆಯು ಕಚೇರಿಯಲ್ಲಿ, ಸೈಕಲ್ ನಿಲ್ಲಿಸುವ ವಿಧಾನ ಕುರಿತ ಸುತ್ತೋಲೆಯ ಮೂರನೇ ಕರಡು ತಿದ್ದುತ್ತಿದ್ದರು. ಮನೆಗೆ ಬರುವಷ್ಟರಲ್ಲಿ ಮಗಳು ಮನೆ ತುಂಬ ಓಡಾಡುತ್ತಿದ್ದಳು. ಸೈಕಲ್ಲನ್ನು ಆ ಪ್ರಕಾರ ಒಬ್ಬನೂ ನಿಲ್ಲಿಸಲಿಲ್ಲ. ಈ ಸಂಕಟಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿಲ್ಲ. ಮಗಳಿಗೂ ಅದೇ ಗತಿಯಾಗಬಾರದು, ಅಷ್ಟೆ.

10. ಅಧಿಕೃತ ಮೊದಲ ಹೆಜ್ಜೆಯನ್ನು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಿಗದಿಪಡಿಸಲಾಗಿದೆ. ತಾಯಿಯವರನ್ನು ಯಾವುದಾದರೂ ನೆಪದಿಂದ ಸ್ಟೂಲಿನಿಂದ ಮೂರಡಿ ದೂರದಲ್ಲಿ ಕೂರಿಸತಕ್ಕದ್ದು. ಮಗುವಿನ ತಂದೆಯವರು ಮೊಬೈಲ್ ಹಿಡಿದು ಆಕಸ್ಮಿಕವಾಗಿ ಅಲ್ಲೇ ಇರತಕ್ಕದ್ದು. ಎಲ್ಲರೂ ಏಕಕಾಲಕ್ಕೆ ಆಶ್ಚರ್ಯಪಡತಕ್ಕದ್ದು. ಇದರ ತಾಲೀಮು ಶನಿವಾರ ಮಧ್ಯಾಹ್ನ. ಮಾವನ ಆಶ್ಚರ್ಯವನ್ನು ಮುಂಚಿತವಾಗಿಯೇ ಪರಿಶೀಲಿಸಲಾಗಿ, ಅತಿಯಾಯಿತೆಂದು ಕಂಡುಬಂದಿದೆ. ಹತ್ತಕ್ಕೆ ಮಗು ನಡೆಯಲೊಪ್ಪದಿದ್ದಲ್ಲಿ ಅದಕ್ಕೆ ಮನಸ್ಸು ಬರುವವರೆಗೆ ಕಾಯತಕ್ಕದ್ದು. ಈ ಮನೆಯಲ್ಲಿ ಯಾವ ಸುತ್ತೋಲೆಗೂ ಬದ್ಧರಲ್ಲದವರು ಬಟಾಣಿ ಒಬ್ಬರೇ.

11. ಈ ಸುತ್ತೋಲೆಯು ಕಟ್ಟುನಿಟ್ಟಾಗಿ ಗೋಪ್ಯ. ತಾಯಿಯವರ ಕಿವಿಗೆ ಬಿದ್ದಲ್ಲಿ ಸಂಬಂಧಪಟ್ಟವರನ್ನೇ ಹೊಣೆ ಮಾಡಲಾಗುವುದು. ಈ ಕಚೇರಿಯಲ್ಲಿ ಎಂದೂ ತಪ್ಪದ ಪದ್ಧತಿಯಂತೆ, ಎಲ್ಲರ ಮಾಹಿತಿಗಾಗಿ ಒಂದು ಪ್ರತಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಲಾಗಿದೆ.

ಸಹಿ/-
ಅಜ್ಜ
ನಿವೃತ್ತ ಕಚೇರಿ ಅಧೀಕ್ಷಕರು ಹಾಗೂ
ಹಾಲಿ ಬಗ್ಗುವ ಕರ್ತವ್ಯದ ಮೇಲಿರುವವರು

ಪ್ರತಿಗಳು:
1. ಅಜ್ಜಿಯವರಿಗೆ. (ಓದಿ ಹೇಳಲಾಗಿದೆ; "ಸಾಕು ಸುಮ್ನಿರಿ" ಎಂಬ ಹಿಂಬರಹ ಪಡೆಯಲಾಗಿದೆ.)
2. ಮಗುವಿನ ತಂದೆಯವರಿಗೆ, ಮೊಬೈಲ್ ಚಾರ್ಜ್ ಮಾಡಿಡುವ ಸೂಚನೆಯೊಂದಿಗೆ.
3. ಸೋದರಮಾವನಿಗೆ, ಅಟ್ಟದ ವಿಳಾಸಕ್ಕೆ.
4. ಪಕ್ಕದ ಮನೆಯವರಿಗೆ: ಇಲ್ಲ.
5. ಮಗುವಿನ ತಾಯಿಯವರಿಗೆ: ಯಾವುದೇ ಕಾರಣಕ್ಕೂ ಕಳುಹಿಸತಕ್ಕದ್ದಲ್ಲ.
6. ಬಟಾಣಿಗೆ. (ತಲುಪಿದೆ. ಒಂದು ಮೂಲೆಯನ್ನು ತಿಂದಿರುತ್ತಾರೆ.)
7. ಕಚೇರಿ ಪ್ರತಿ: ಫ್ರಿಜ್ಜು.

(ಫ್ರಿಜ್ಜಿನ ಮೇಲಿನ ಪ್ರತಿಯ ಕೆಳಗೆ, ಪೆನ್ಸಿಲಿನಲ್ಲಿ:)

ಅಪ್ಪಾ, ನೀರು ಕುಡಿಯೋಕೆ ಬಂದೆ, ಓದಿದೆ. ಸೋಮವಾರ ಬೆಳಿಗ್ಗೆ ನಾನು ಹೊರಡೋ ಮುಂಚೆ ಇವಳು ಮಂಚದಿಂದ ಬೀರು ತನಕ ಮೂರು ಹೆಜ್ಜೆ ಇಟ್ಟಳು. ಬಾಯಿ ಬಿಡ್ಲಿಲ್ಲ ನಾನು. ನನ್ನದನ್ನ ನೀವು ನೋಡ್ಲಿಲ್ಲ ಅಂತ ಅಮ್ಮ ಯಾವಾಗ್ಲೂ ಹೇಳ್ತಿರ್ತಾರಲ್ಲ, ಇವಳದ್ದನ್ನಾದ್ರೂ ಮೊದಲು ನೋಡಿದ್ದು ನೀವೇ ಅಂತ ನಿಮಗನ್ನಿಸ್ಲಿ ಅಂತ. ದಿನಚರಿ ಮೇಲಿನ ಕಾಗದ ಕಿತ್ತುಬಿಡಿ. ಭಾನುವಾರ ಹತ್ತು ಗಂಟೆಗೆ ನಾನೂ ಆಶ್ಚರ್ಯಪಡ್ತೀನಿ. ತಾಲೀಮಿಗೆ ಮಾತ್ರ ನನ್ನನ್ನ ಕರೀಬೇಡಿ.