ರೋಣದ ಬಸ್ಸಿನಲ್ಲಿ ಬಂದ ವಾಲ್ವ್

ಈಶಪ್ಪನ ಮನೆಯೊಳಗೆ ಫೋನಿಗೆ ರೇಂಜ್ ಸಿಗುತ್ತಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ನರಗುಂದದ ಆ ಓಣಿಗೆ ಗುಡ್ಡ ಅಡ್ಡ ಬರುತ್ತದೋ ಏನೋ, ಮಾತಾಡಬೇಕೆಂದರೆ ಬೇವಿನ ಗಿಡದ ಕಟ್ಟೆಯ ಮೇಲೇ ನಿಲ್ಲಬೇಕು. ನಿಂತರೂ ಕೂಗಿಯೇ ಮಾತಾಡಬೇಕು. ಹೆಂಡತಿ ಸುವರ್ಣಾ ಬೆಳಿಗ್ಗೆ ಶಾಲೆಗೆ ಹೊರಟ ಕೂಡಲೇ ಈಶಪ್ಪ ಕಟ್ಟೆ ಹತ್ತಿದ, ರೋಣದ ಮುಜಫ್ಫರನಿಗೆ ಫೋನ್ ಹಚ್ಚಿದ.

"ಎರಡೂ ವಾಲ್ವ್ ಹೋಗ್ಯಾವ ಮುಜಫ್ಫರ. ಒಂದು ಸತ್ತಬಿಟ್ಟೈತಿ, ಇನ್ನೊಂದು ಕೆಂಪಗಾಗಿ ಕುಂತೈತಿ. ಹೊಸಾವು ಎಲ್ಲಿ ಸಿಗಬೇಕು, ಹಳೇವಾದ್ರೂ ನಡೀತೈತಿ. ಇವತ್ತ ಸಂಜಿ ಒಳಗ ಹಾಕಲಿಲ್ಲಂದ್ರ ನನ್ನ ಕತಿ ಮುಗೀತು."

ಮಗ್ಗುಲ ಮನೆಯ ಶೇಖವ್ವ ನಳದಲ್ಲಿ ನೀರು ಹಿಡಿಯುತ್ತಿದ್ದಳು. ಮೊದಲು ಅವಳು ನಳದ ವಾಲ್ವ್ ಎಂದುಕೊಂಡಳು. ಆದರೆ ನಳದ ವಾಲ್ವ್ ಹೋದರೆ ಪುರಸಭೆಯವರ ಕತೆ ಮುಗಿಯಬೇಕು, ಈಶಪ್ಪನದು ಯಾಕೆ? ಅವಳ ಮಾವನಿಗೆ ಹುಬ್ಬಳ್ಳಿಯಲ್ಲಿ ಹೃದಯದ ವಾಲ್ವ್ ಬದಲಿಸಿದ್ದರು. ಅದು ನೆನಪಾದದ್ದೇ ತಡ, ಕೊಡ ತುಂಬಿ ಅಂಗಳಕ್ಕೆಲ್ಲ ಹರಿದರೂ ಅವಳಿಗೆ ಎಚ್ಚರವಾಗಲಿಲ್ಲ.

ಕೆಟ್ಟದ್ದು ಈಶಪ್ಪನ ಗಿಟಾರಿನ ಆಂಪ್ಲಿಫೈಯರ್. ಬಿ.ಎಸ್ಸಿ. ಮುಗಿಸಿ, ಅಪ್ಪನ ಕಾಳಿನ ಅಡತಿ ಅಂಗಡಿಯಲ್ಲಿ ಕೂರುವ ಮೊದಲು, ಅವನು ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದ; ಅದರ ಮೈಕ್‌ಸೆಟ್ ರಿಪೇರಿ ಮಾಡುತ್ತಿದ್ದವನೇ ಮುಜಫ್ಫರ. ಆ ಕಾಲಕ್ಕೇ ಹಳೆಯದಾಗಿದ್ದ ಪೆಟ್ಟಿಗೆ ಅದು. ಒಳಗಿರುವುದು ವಾಲ್ವುಗಳು, ಹಳೆಯ ರೇಡಿಯೋದಲ್ಲಿ ದೀಪದಂತೆ ಉರಿಯುತ್ತಿದ್ದವಲ್ಲ, ಅಂಥ ಗಾಜಿನ ಬುರುಡೆಗಳು. ರೋಣದ ಒಂದು ಮದುವೆಯಲ್ಲಿ ಆ ಪೆಟ್ಟಿಗೆಯ ದನಿ ಕೇಳಿ, ಹಿಂದೆ ನಿಂತು ಬಾರಿಸುವವನು ಯಾರೆಂದು ವಿಚಾರಿಸಿದ ಹುಡುಗಿಯೇ ಸುವರ್ಣಾ. ಅವಳನ್ನು ಮದುವೆಯಾದ ಮೇಲೆ ಪೆಟ್ಟಿಗೆ ಅಟ್ಟ ಸೇರಿತು. "ಯಾವಾಗರ ನನಗೊಬ್ಬಾಕಿಗೆ ಬಾರಿಸ್ರಿ" ಎಂದು ಅವಳು ಕೇಳುವುದು, "ಬಾರಸೂಣು" ಎಂದು ಇವನು ಅನ್ನುವುದು, ಅಷ್ಟರಲ್ಲಿ ಕಡಲೆ ಸುಗ್ಗಿ ಬಂದು ಅಂಗಡಿ ತುಂಬುವುದು. ಹೀಗೇ ಮೂವತ್ತು ವರ್ಷ ಹೋದವು.

ಇವತ್ತು ಸುವರ್ಣಾ ಟೀಚರ್‌ಗೆ ನಿವೃತ್ತಿ. ಸಂಜೆ ಶಾಲೆಯಲ್ಲಿ ಬೀಳ್ಕೊಡುಗೆ. ಅದಕ್ಕೆಂದೇ ಈಶಪ್ಪ ವರ್ಷದ ಹಿಂದೆ ಪೆಟ್ಟಿಗೆಯನ್ನು ಅಟ್ಟದಿಂದಿಳಿಸಿ, ಅವಳು ಶಾಲೆಗೆ ಹೋದಾಗಲೆಲ್ಲ ಹಚ್ಚಿ ನೋಡುತ್ತಿದ್ದ. ಅವಳಿಗೆ ಸುಳಿವೇ ಕೊಡದೆ ಅಲ್ಲಿ ಹೋಗಿ, ಅದೇ ಪೆಟ್ಟಿಗೆಯಿಟ್ಟು, ರೋಣದ ಮದುವೆಯಲ್ಲಿ ಬಾರಿಸಿದ್ದನ್ನೇ ಬಾರಿಸಬೇಕು. ಇದೊಂದು ತಪ್ಪಿದರೆ ಇನ್ನು ಯಾವ ಮುಖ ಹೊತ್ತು "ಬಾರಸೂಣು" ಅನ್ನುವುದು?

ಹಿತ್ತಲ ಕೋಣೆಯಲ್ಲಿ ಅವನು ಪೆಟ್ಟಿಗೆಯ ಬೆನ್ನು ಬಿಚ್ಚಿ ಕುಳಿತ. ರೋಗ ಅವನಿಗೆ ಗೊತ್ತಾಗಿತ್ತು. ಕರೆಂಟನ್ನು ಸಮ ಮಾಡಬೇಕಾದ ಕೆಪಾಸಿಟರ್ ಒಣಗಿದ್ದರಿಂದ ಗುಂಯ್ ಎಂಬ ಸದ್ದು. ಇನ್ನೊಂದು ಕೆಪಾಸಿಟರ್ ಸೋರುತ್ತಿದ್ದದ್ದರಿಂದ ವಾಲ್ವ್ ಕಾದ ಹಂಚಿನಂತೆ ಕೆಂಪಗಾಗುವುದು. ಅವನ್ನು ಬದಲಿಸದೆ ಹೊಸ ವಾಲ್ವ್ ಹಾಕಿದರೆ ಅದೂ ಸುಟ್ಟು ಹೋಗುತ್ತದೆ. ಬೇರೆ ಕೆಪಾಸಿಟರುಗಳನ್ನು ರೇಡಿಯೋ ರಿಪೇರಿ ಅಂಗಡಿಯಿಂದ ತಂದಿಟ್ಟುಕೊಂಡಿದ್ದ. ಇಂಥ ಪೆಟ್ಟಿಗೆಯೊಳಗೆ ಪ್ಲಗ್ ಕಿತ್ತ ಮೇಲೂ ಕರೆಂಟು ಅಡಗಿ ಕುಳಿತಿರುತ್ತದೆ. ಎರಡೂ ಕೈ ಹಾಕಿದರೆ ಅದು ಎದೆಯೊಳಗಿಂದಲೇ ದಾಟೀತು. ಅದಕ್ಕೇ ತಿಳಿದವರು ಒಂದೇ ಕೈಯಲ್ಲಿ ಕೆಲಸ ಮಾಡುತ್ತಾರೆ, ಇನ್ನೊಂದನ್ನು ಜೇಬಿಗೆ ಸೇರಿಸುತ್ತಾರೆ. ಬನಿಯನ್ನಿಗೆ ಜೇಬಿಲ್ಲ. ಈಶಪ್ಪ ಎಡಗೈಯನ್ನು ಬನಿಯನ್ನಿನೊಳಗೆ ತೂರಿಸಿ ಎದೆಯ ಮೇಲೆ ಒತ್ತಿಕೊಂಡಿದ್ದ. ಸೆಕೆಗೆ ಬೆವರು ಸುರಿಯುತ್ತಿತ್ತು.

ಗಂಜಿಯ ಬೋಗುಣಿ ಹಿಡಿದು ಬಂದ ಶೇಖವ್ವನಿಗೆ ಕಂಡದ್ದು ಈ ದೃಶ್ಯ.

"ನನಗೆಲ್ಲಾ ಗೊತ್ತಾತ್ರಿ ಅಣ್ಣಾರ" ಎಂದಳು ಮೆಲ್ಲಗೆ. "ವಾಲ್ವ್ ಹೋಗ್ಯಾವಂತಲ್ಲ."

ಗುಟ್ಟು ರಟ್ಟಾಯಿತಲ್ಲ ಎಂದು ಈಶಪ್ಪನ ಮುಖ ಸಪ್ಪಗಾಯಿತು. "ಕೇಳಿಸ್ಕೊಂಡೀ? ಸುವರ್ಣಾಗ ಮಾತ್ರ ಹೇಳಬ್ಯಾಡವಾ. ಸಂಜಿಮುಂದ ಆಕಿಗೆ ತಾನ ಗೊತ್ತಾಗತೈತಿ."

"ಎಷ್ಟ ದಿನದಿಂದರಿ?"

"ವರ್ಷಾತು. ಮದಲ ಬರೇ ಗುಂಯ್ ಅಂತಿತ್ತು. ಆಮ್ಯಾಲ ಬಿಸಿಯಾಗಾಕ ಹತ್ತಿತು. ನಿನ್ನೆ ಹೊಗಿ ಬಂತು ನೋಡು."

ಶೇಖವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋದಳು. ಗಿಟಾರಿನ ಮೇಲೆ ಈಕೆಗೂ ಇಷ್ಟು ಅಭಿಮಾನವಿದೆಯೇ ಎಂದು ಈಶಪ್ಪನಿಗೆ ಕಣ್ಣು ತೇವವಾಯಿತು. ಉಪ್ಪಿಲ್ಲದ ಗಂಜಿಯನ್ನೂ ಕುಡಿದ.

ಮಧ್ಯಾಹ್ನ ಅವನು ಬಸ್‌ಸ್ಟ್ಯಾಂಡಿಗೆ ಹೊರಟರೆ ಎದುರು ಮನೆಯ ದ್ಯಾಮಪ್ಪ ತೋಳು ಹಿಡಿದುಕೊಂಡ. ದ್ಯಾಮಪ್ಪ ಓಣಿಗೆಲ್ಲ ಹಿರಿಯ. ಬೇರೆಯವರ ಕಷ್ಟವನ್ನು ಅವರಿಗಿಂತ ಮೊದಲು ಎತ್ತಿಕೊಳ್ಳುವ ಸ್ವಭಾವ. ಯಾಕೆ ಹೊರಟೆ ಎಂದು ಕೇಳಿದ. ಮುಜಫ್ಫರ ಎರಡು ವಾಲ್ವನ್ನು ಅರಳೆಯಲ್ಲಿ ಸುತ್ತಿ, ಪೇಢೆಯ ಡಬ್ಬಿಯಲ್ಲಿಟ್ಟು, ರೋಣದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದಾನೆ ಎಂದ ಈಶಪ್ಪ.

"ಕಾಲ ಭಾಳ ಮುಂದ ಹೋಗೇತಿ" ಎಂದ ದ್ಯಾಮಪ್ಪ. "ಹಾಕಾವ್ರು ಯಾರು?"

"ಯಾರ್ ಹಾಕ್ತಾರ ದ್ಯಾಮಣ್ಣ, ನಾನ ಹಾಕ್ಕೋತೀನಿ."

ದ್ಯಾಮಪ್ಪ ಅವನ ತೋಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು ಬಸ್‌ಸ್ಟ್ಯಾಂಡಿನವರೆಗೂ ಜೊತೆಗೇ ಬಂದ.

ಬಸ್ಸು ಬಂತು. ಕಂಡಕ್ಟರ್ ಕಿಟಕಿಯಿಂದ ಡಬ್ಬಿ ಚಾಚಿದ. ದ್ಯಾಮಪ್ಪ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಹಣೆಗೊತ್ತಿ, ಸೀದಾ ಸೋಡಾ ಅಂಗಡಿಯ ಬರ್ಫದ ಪೆಟ್ಟಿಗೆಗೆ ಇಳಿಸಲು ಹೊರಟ. ಈಶಪ್ಪ ಓಡಿ ಹೋಗಿ ಕಿತ್ತುಕೊಂಡ. ಇಂಥದ್ದನ್ನು ತಂಪಿನಲ್ಲಿಡದಿದ್ದರೆ ಕೆಡುತ್ತದೆ ಎಂದು ದ್ಯಾಮಪ್ಪ ಜಗಳಕ್ಕೇ ನಿಂತಾಗ ಈಶಪ್ಪನಿಗೆ ಎಲ್ಲ ಒಮ್ಮೆಗೇ ತಿಳಿಯಿತು: ಬೆಳಗಿನ ಗಂಜಿ, ಶೇಖವ್ವನ ಸೆರಗು, ಈ ತೋಳು. ನಕ್ಕು ನಕ್ಕು ಡಬ್ಬಿ ಬಿಚ್ಚಿ ತೋರಿಸಿದ, ಇದು ಗಿಟಾರಿಂದು ಎಂದ.

"ಗಾಜಿಂದ ಹಾಕ್ತಾರೇನು ಈಗ?" ಎಂದ ದ್ಯಾಮಪ್ಪ ನಗಲಿಲ್ಲ. "ನಮ್ಮಪ್ಪನೂ ಕಡೀತನಕ ಹಿಂಗ ನಗಕೋತ, ನನಗೇನೂ ಆಗಿಲ್ಲ ಅಂತಿದ್ದ."

ಮನೆಗೆ ಬಂದ ಈಶಪ್ಪ ಕದ ಹಾಕಿಕೊಂಡು ಕುಳಿತ. ಹೊಸ ಕೆಪಾಸಿಟರುಗಳ ಬೆಸುಗೆಯಾಯಿತು, ವಾಲ್ವುಗಳು ಕುಳಿತವು. ಸ್ವಿಚ್ ಒತ್ತಿ ಉಸಿರು ಹಿಡಿದ. ಬುರುಡೆಗಳ ಹೊಟ್ಟೆಯಲ್ಲಿ ನಿಧಾನವಾಗಿ, ದೇವರ ಮುಂದಿನ ಹಣತೆಯ ಹಾಗೆ, ಕೇಸರಿ ಬೆಳಕು ಮೂಡಿತು. ಗುಂಯ್ ಇಲ್ಲ. ಒಂದು ತಂತಿ ಮೀಟಿದ. ಸುವರ್ಣಾ ತಿರುಗಿ ನೋಡಿದ ದಿನದ್ದೇ ದನಿ.

ಗಾಡಿ ಕರೆಸಿ, ಪೆಟ್ಟಿಗೆ ಎತ್ತಲು ಬಗ್ಗಿದಾಗ ಓಣಿಯ ನಾಲ್ಕು ಜನ ಒಳಗೆ ಬಂದು ಪೆಟ್ಟಿಗೆಯನ್ನು ಬಿಟ್ಟು ಅವನನ್ನು ಎತ್ತಿದರು. ಭಾರ ಎತ್ತಬಾರದೆಂಬುದು ಶೇಖವ್ವನ ಕಟ್ಟಪ್ಪಣೆ. ಗಾಡಿ ದವಾಖಾನೆಯ ಕಡೆ ತಿರುಗಿತು. ಈಶಪ್ಪ ಮೊದಲು ಬೈದ, ಆಮೇಲೆ ಲೆಕ್ಕ ಹಾಕಿದ. ಡಾಕ್ಟರರೇ ಏನಿಲ್ಲ ಎಂದುಬಿಟ್ಟರೆ ಇವರ ಬಾಯಿ ಮುಚ್ಚುತ್ತದೆ. ಶಾಲೆಯಲ್ಲಿ ಭಾಷಣಗಳು ಮುಗಿಯುವುದರೊಳಗೆ ಮುಟ್ಟಬಹುದು.

ಡಾಕ್ಟರು ಕತೆ ಕೇಳಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಬಂದವರ ಸಮಾಧಾನಕ್ಕೆ ಒಮ್ಮೆ ನೋಡಿಬಿಡೋಣ ಎಂದು ನಗುತ್ತಲೇ ಸ್ಟೆತಾಸ್ಕೋಪು ಎದೆಗಿಟ್ಟರು. ನಗು ನಿಂತಿತು. ಇನ್ನೊಂದು ಕಡೆ ಇಟ್ಟರು. ಉಸಿರು ಹಿಡಿಯಲು ಹೇಳಿದರು.

"ಈಶಪ್ಪನವರ, ಮ್ಯಾಳಿಗಿ ಹತ್ತಿದ್ರ ದಮ್ಮು ಹತ್ತತೈತೇನ್ರಿ?"

"ವಯಸ್ಸಾತಲ್ರಿ ಸಾಹೇಬ್ರ, ಒಂದೀಟು ಹತ್ತತೈತಿ. ಯಾಕ್ರಿ?"

"ನಿಮ್ಮ ಪೆಟಗಿ ಗುಂಯ್ ಅನ್ನೋದು ಬಿಟ್ಟಿರಬಹುದು. ಇದು ಬಿಟ್ಟಿಲ್ಲ ನೋಡ್ರಿ."

ಗಾಬರಿಯಾಗುವಂಥದ್ದಲ್ಲ, ಬೇಗ ಸಿಕ್ಕಿತು, ನಾಳೆಯೇ ಹುಬ್ಬಳ್ಳಿಗೆ ಹೋಗಿ ತೋರಿಸಿರಿ, ಬದಲಿಸಬೇಕಾದರೂ ಬದಲಿಸಬಹುದು ಎಂದರು ಡಾಕ್ಟರು. ಇವತ್ತಿಗೆ ಮಾತ್ರ ಎತ್ತುವುದು, ಓಡಾಡುವುದು, ಬಾರಿಸುವುದು, ಒಂದೂ ಕೂಡದು. ಈಶಪ್ಪ ಗೋಡೆ ನೋಡುತ್ತ ಮಲಗಿದ. ಅವನಿಗೆ ತನ್ನ ವಾಲ್ವಿಗಿಂತ ಹಿತ್ತಲ ಕೋಣೆಯಲ್ಲಿ ಒಂಟಿಯಾಗಿ ಕುಳಿತ ವಾಲ್ವುಗಳ ಚಿಂತೆ ಹತ್ತಿತ್ತು.

ಸುವರ್ಣಾ ಬೀಳ್ಕೊಡುಗೆಯ ಹಾರವನ್ನೂ ತೆಗೆಯದೆ ಓಡಿ ಬಂದಳು. ಶೇಖವ್ವ ಬಾಯಿ ಬಿಟ್ಟಿದ್ದಳೆಂಬುದನ್ನು ಹೇಳಬೇಕಾಗಿಯೇ ಇರಲಿಲ್ಲ. ಪೆಟ್ಟಿಗೆಯ ವಾಲ್ವು, ಎದೆಯ ವಾಲ್ವು, ಎರಡರ ಕತೆಯನ್ನೂ ಅವಳು ನಿಂತೇ ಕೇಳಿದಳು.

"ಇವತ್ತ ಬಾರಿಸ್ತಿದ್ನಿ, ಖರೇ" ಎಂದ ಈಶಪ್ಪ, ಅವಳ ಮುಖ ನೋಡದೆ. "ಚಲೋ ಆಗಿತ್ತು. ಒಂಚೂರೂ ಗುಂಯ್ ಇಲ್ಲ."

ಸುವರ್ಣಾ ಡಾಕ್ಟರರ ಕೊರಳಿನ ಸ್ಟೆತಾಸ್ಕೋಪನ್ನು ಕೇಳಿ ಪಡೆದು ಕಿವಿಗೆ ಸಿಗಿಸಿಕೊಂಡಳು, ಅದರ ಬಿಲ್ಲೆಯನ್ನು ಗಂಡನ ಎದೆಯ ಮೇಲಿಟ್ಟಳು. ಹಾರದ ಸೇವಂತಿಗೆಗಳು ಅವನ ಗದ್ದಕ್ಕೆ ತಾಗುತ್ತಿದ್ದವು. ಅವಳು ಬಹಳ ಹೊತ್ತು ಕೇಳಿದಳು.

"ಏನ್ ಕೇಳಿಸ್ತು?" ಎಂದ ಈಶಪ್ಪ.

"ಸುಮ್ನಿರ್ರಿ. ನನಗೊಬ್ಬಾಕಿಗೆ ಬಾರಸಾಕತ್ತೀರಿ ಈಗ."

ಈಶಪ್ಪ ಸುಮ್ಮನಾದ. ಬಾಗಿಲಲ್ಲಿ ನಿಂತಿದ್ದ ದ್ಯಾಮಪ್ಪ ಮಾತ್ರ ಗಂಟಲು ಸರಿಮಾಡಿಕೊಂಡು, ಡಾಕ್ಟರರ ಕಡೆ ಬಾಗಿ, ಪಿಸುದನಿಯಲ್ಲಿ ಕೇಳಿದ:

"ಸಾಹೇಬ್ರ, ರೋಣದ ಕಡೀ ಬಸ್ ಇನ್ನೂ ಬಂದಿಲ್ರಿ. ಆ ಮುಜಫ್ಫರಗ ಇನ್ನೊಂದು ಕಳಸಂತ ಫೋನ್ ಹಚ್ಚಲೇನ್ರಿ?"