ಲಿನಕ್ಸಿಗೆ ವೈಫೈ ಹಿಡಿಸಲು ಹೋಗಿ

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವನ ಗಾದೆ ನಿಮಗೂ ಗೊತ್ತಿರುತ್ತದೆ. ಆ ಮಹಾನುಭಾವ ಯಾವ ಊರಿನವನೋ ನಾನು ಕಾಣೆ. ನನ್ನ ಹೆಂಡತಿ ಸುಜಾತಳ ಪ್ರಕಾರ ಅವನು ಮಧುಗಿರಿಯವನು, ಬಡವನಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಾನೆ, ಅವಳ ಹಣೆಬರಹಕ್ಕೆ ಅವಳ ಗಂಡನೂ ಆಗಿದ್ದಾನೆ. ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಕಂಡರೆ ನನ್ನ ಕೈ ಕಡಿಯುತ್ತದೆ, ಏನು ಮಾಡಲಿ? ನಾನು ರಿಪೇರಿ ಮಾಡಿದ ಮೇಲೆ ನಮ್ಮ ನಡುಮನೆಯ ಫ್ಯಾನು ಗಾಳಿಯನ್ನು ಮೇಲಕ್ಕೆ ಬೀಸುತ್ತಿದೆ. ಬೇಸಿಗೆಯಲ್ಲಿ ಬೆಟ್ಟದ ಬಂಡೆ ಕಾದು ಊರೆಲ್ಲ ಬೇಯುವಾಗ ನಮ್ಮ ಮನೆಯಲ್ಲಿ ತಂಪಾಗಿರುವವು ಗೋಡೆಯ ಮೇಲಿನ ಹಲ್ಲಿಗಳು ಮಾತ್ರ.

ಈ ಸಲ ನನ್ನ ಕಣ್ಣು ಬಿದ್ದದ್ದು ಮನೆಯ ಕಂಪ್ಯೂಟರಿನ ಮೇಲೆ. ಅದು ಹೆಸರಿಗೆ ನನ್ನದು, ದುಡಿಯುವುದು ಸುಜಾತಳಿಗೆ. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಬಂದ ಹೆಂಗಸರಿಗೆ ಇಂಟರ್‌ನೆಟ್ಟಿನಿಂದ ತೋಳು, ಬೆನ್ನಿನ ಡಿಸೈನುಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಿ ಆರ್ಡರು ಹಿಡಿಯುತ್ತಾಳೆ. ನಮ್ಮ ಶಾಲೆಯ ಗಣಿತದ ಮೇಷ್ಟ್ರು, ಶಿರಾದ ರಫೀಕ್ ಸಾಹೇಬರು, ಸ್ಟಾಫ್ ರೂಮಿನಲ್ಲಿ ಲಿನಕ್ಸನ್ನು ಹೊಗಳಿದ್ದೇ ತಡ, ನಾನು ಮನೆಗೆ ಬಂದು ಇದ್ದ ವಿಂಡೋಸನ್ನು ಒರೆಸಿ ಹಾಕಿ ಲಿನಕ್ಸನ್ನು ಪ್ರತಿಷ್ಠಾಪಿಸಿಬಿಟ್ಟೆ. ಅದು ಆಯುಧಪೂಜೆಯ ಹಿಂದಿನ ಸಂಜೆ. ಸುಜಾತ ಪಾವಗಡದವಳು, ಸಿಟ್ಟು ಬಂದರೆ ನಾಲಿಗೆ ತೆಲುಗಿಗೆ ಹೊರಳುತ್ತದೆ. ಲಿನಕ್ಸಿನ ಮಹಿಮೆಯನ್ನು ನಾನು ಅರ್ಧ ವರ್ಣಿಸುವುದರೊಳಗೆ, "ಚಾಲ್ಲೇಂಡಿ, ಸಾಕು!" ಎಂದು ಬಾಯಿ ಮುಚ್ಚಿಸಿದಳು. "ನಾಳೆ ಹೆಂಗೂ ನನ್ ಮಿಷನ್ ಮುಟ್ಟಂಗಿಲ್ಲ. ನಾಡಿದ್ದು ಬೆಳಿಗ್ಗೆ ಮದ್ವೆ ಮನೆಯೋರು ಬರ್ತಾರೆ. ಅಷ್ಟರೊಳಗೆ ಇದ್ರಲ್ಲಿ ವೈಫೈ ಬರ್ಬೇಕು. ಬರ್ಲಿಲ್ವಾ, ಅಂಗಡಿಯೋನ್ನ ಕರ್ಸಿ ವಿಂಡೋಸ್ ಹಾಕಿಸ್ತೀನಿ. ಆಮೇಲೆ ನೀವು ಕಂಪ್ಯೂಟರ್ ಹತ್ರ ಸುಳೀಕೂಡ್ದು."

ಮಾರನೆಯ ಬೆಳಿಗ್ಗೆ ಅಮ್ಮ ಪೂಜೆಗೆ ಕರೆದಾಗ ಅರೆಗಣ್ಣಿನಲ್ಲಿ ಆರತಿ ತೆಗೆದುಕೊಂಡವನು ನೇರವಾಗಿ ಬಂದು ಕಂಪ್ಯೂಟರಿನ ಮುಂದೆ ಕುಳಿತೆ. ನೆಟ್‌ವರ್ಕ್ ಸೆಟ್ಟಿಂಗ್ ತೆರೆದರೆ ಬೀದಿಯ ವೈಫೈಗಳೆಲ್ಲ ಸಾಲಾಗಿ ಹಾಜರಿ ಹಾಕಿದ್ದವು. ಎದುರುಮನೆಯದು, ಹಿಂದಿನ ಮನೆಯದು, ಮೂಲೆಯ ಕಬ್ಬಿಣದ ಅಂಗಡಿಯದು, ಎಲ್ಲ ಇದ್ದವು. ನಮ್ಮದೊಂದೇ ಇರಲಿಲ್ಲ. ವೈಫೈ ಹಿಡಿಯುವ ತಂತ್ರಾಂಶ, ಅಂದರೆ ಡ್ರೈವರ್, ಸರಿಯಿಲ್ಲ ಎಂದು ತೀರ್ಮಾನಿಸಿದೆ. ಡ್ರೈವರ್ ತರಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ಡ್ರೈವರ್ ಬೇಕು. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು.

ರಫೀಕ್ ಸಾಹೇಬರಿಗೆ ಫೋನು ಮಾಡಿದೆ. ಅವರು ಶಾಂತವಾಗಿ, "ಮೊದ್ಲು ರೂಟರ್ ಆನ್ ಐತಾ ನೋಡಿ ಸಾರ್" ಎಂದರು. ನನಗೆ ರೇಗಿತು. ಇಷ್ಟು ಓದಿದವನನ್ನು ಕೇಳುವ ಪ್ರಶ್ನೆಯೇ ಇದು? ಕುಳಿತಲ್ಲಿಂದಲೇ, "ಐತೆ ಐತೆ, ಆಗ್ಲೇ ನೋಡ್ದೆ" ಎಂದೆ. "ಹಂಗಾದ್ರೆ ಏನೋ ದೊಡ್ಡ ಪ್ರಾಬ್ಲಮ್ಮೇ ಇರ್ಬೇಕು ಬುಡಿ" ಎಂದರು. ದೊಡ್ಡದು ಎಂದ ಮೇಲೆ ಕೇಳಬೇಕೇ! ಫೋನಿನ ಡೇಟಾದಲ್ಲಿ ದೇಶವಿದೇಶದ ಪಂಡಿತರ ಸಲಹೆಗಳನ್ನು ಓದಿ ಓದಿ ಕರಿಯ ಪರದೆಯಲ್ಲಿ ಒಂದೊಂದೇ ಆಜ್ಞೆ ಕುಟ್ಟಿದೆ. ಒಬ್ಬ ಈ ಸೇವೆ ನಿಲ್ಲಿಸು ಎಂದ, ನಿಲ್ಲಿಸಿದೆ. ಇನ್ನೊಬ್ಬ ಆ ಡ್ರೈವರ್ ಕಿತ್ತುಹಾಕು ಎಂದ, ಕಿತ್ತುಹಾಕಿದೆ. ಕೊನೆಗೆ ಎದುರುಮನೆಯ ವೈಫೈಯೂ ಕಾಣದಂತಾಯಿತು. ರೋಗ ಕೈಗೆ ಸಿಗುತ್ತಿದೆ ಎಂದುಕೊಂಡೆ.

ಮಧ್ಯಾಹ್ನ ಊಟಕ್ಕೆ ಎದ್ದವನು ದೇವರ ಮನೆಯ ಮುಂದೆ ಹಾದುಹೋಗುವಾಗ ಸುಮ್ಮನೆ ಒಳಗೆ ನೋಡಿದೆ. ಹೊಲಿಗೆ ಮಿಷನ್, ಈಳಿಗೆಮಣೆ, ಕುಡುಗೋಲು, ಸುತ್ತಿಗೆ, ಎಲ್ಲದಕ್ಕೂ ಅರಿಶಿನ ಕುಂಕುಮ. ಅವುಗಳ ನಡುವೆ ಚೆಂಡುಹೂವಿನ ರಾಶಿಯಿಂದ ಕುಂಕುಮ ಹಚ್ಚಿದ ಎರಡು ಕೋಡು ಎದ್ದಿದ್ದವು. ನಮ್ಮ ಮನೆಯ ರೂಟರ್!

"ಅಮ್ಮಾ, ಇದನ್ಯಾಕೆ ಇಲ್ಲಿಟ್ಟೆ?" ಎಂದು ಕೂಗಿದೆ.

"ಇನ್ನೇನ್ಲಾ? ಈ ಮನೇಲಿ ಹಗಲೂ ರಾತ್ರಿ ದುಡಿಯೋದು ಅದೊಂದೇ. ವರ್ಷಕ್ಕೊಂದಿನ ಸುಧಾರಿಸ್ಕೊಳ್ಳೋದು ಬ್ಯಾಡ್ವಾ? ಮುಟ್ಟಬ್ಯಾಡ, ನಾಳೆ ಪೂಜೆ ಮಾಡಿ ಕದಲಿಸ್ಬೇಕು" ಎಂದರು ಅಮ್ಮ. ನಾನು ಸುಜಾತಳ ಕಡೆ ತಿರುಗಿದೆ. ಅವಳು ಒಬ್ಬಟ್ಟಿಗೆ ತುಪ್ಪ ಹಾಕುತ್ತ, "ನಂಗೆ ಬೆಳಿಗ್ಗೇನೇ ಗೊತ್ತಿತ್ತು. ನೀವೇ ಶಿರಾ ಮೇಷ್ಟ್ರಿಗೆ ಆನ್ ಐತೆ, ನೋಡ್ದೆ ಅಂದ್ರಲ್ಲಾ. ತಿಳಿದೋರಿಗೆ ನಾನೇನ್ ಹೇಳ್ಲಿ?" ಎಂದಳು.

ವಿಜಯದಶಮಿಯ ಬೆಳಿಗ್ಗೆ ಅಮ್ಮ ಕದಲಿಸಿ ಕೊಟ್ಟ ರೂಟರನ್ನು ಜಾಗಕ್ಕಿಟ್ಟು ಸ್ವಿಚ್ ಒತ್ತಿದೆ. ಸುಜಾತಳ ಫೋನು ಹಿಡಿದುಕೊಂಡಿತು, ಅಮ್ಮನ ಫೋನೂ ಹಿಡಿದುಕೊಂಡಿತು. ನನ್ನ ಕಂಪ್ಯೂಟರ್ ಮಾತ್ರ, ಇದರಲ್ಲಿ ವೈಫೈ ಸಾಧನವೇ ಇಲ್ಲ ಎಂದು ಸಾರಿತು. ನಿನ್ನೆ ಮಾಡಿದ್ದನ್ನೆಲ್ಲ ರಫೀಕ್ ಸಾಹೇಬರಿಗೆ ಫೋನಿನಲ್ಲಿ ಒಪ್ಪಿಸಿದೆ. ಅವರು, "ಏನೂ ಮುಟ್ದೆ ಇದ್ದಿದ್ರೆ ಈಗ ಪಾಸ್‌ವರ್ಡ್ ಹಾಕಿದ್ರೆ ಮುಗೀತಿತ್ತಲ್ಲ ಸಾರ್" ಎಂದರು. ಅಷ್ಟರಲ್ಲಿ ಬೀದಿಬಾಗಿಲಲ್ಲಿ ಮದುವೆ ಮನೆಯವರ ಮಾತು ಕೇಳಿಸಿತು. ಸುಜಾತ ಅಂಗಡಿಯವನ ನಂಬರು ಒತ್ತುತ್ತಲೇ ಒಳಗೆ ಕೂಗಿದಳು: "ಅತ್ತೆ, ನೆನ್ನೆ ರೂಟರ್ ಜೊತೆ ಇವರಿಗೂ ಕುಂಕುಮ ಇಟ್ಟು ದೇವ್ರ ಮನೇಲಿ ಕೂರಿಸ್ಬುಟ್ಟಿದ್ರೆ ಕಂಪ್ಯೂಟರ್ ಉಳೀತಿತ್ತು."

ಅಮ್ಮ ಒಳಗಿನಿಂದಲೇ ನಿಧಾನವಾಗಿ ಹೇಳಿದರು: "ಕೆಲಸಕ್ಕೆ ಬರೋ ಸಾಮಾನು ಮಾತ್ರ ಇಡೋದು ಕಣಮ್ಮ."