ಭುಜದ ನೆತ್ತಿಗೆ ಬಿದ್ದ ಸೂಜಿ

ಲಸಿಕಾ ಹಾನಿ ಪರಿಹಾರ ಸಮಿತಿಯ ಮಾನ್ಯ ಅಧ್ಯಕ್ಷರೇ,

ಶಲವಡಿಯಲ್ಲಿ ರೊಟ್ಟಿ ಬಡಿದು ಬದುಕುವ ಮಹಾನಂದಾ ಮಾಡುವ ಅನಂತ ನಮಸ್ಕಾರಗಳು. ಕೈ ಮುಗಿಯಲು ಬಲಗೈ ಒಪ್ಪದ ಕಾರಣ ಇವನ್ನು ಮಗಳ ಕೈಯಿಂದ ಬರೆಸಿದ ಈ ಬರವಣಿಗೆಯಲ್ಲೇ ಸ್ವೀಕರಿಸಬೇಕು.

ಕಳೆದ ಶ್ರಾವಣದಲ್ಲಿ ಊರಿಗೆ ಲಸಿಕೆಯ ವ್ಯಾನು ಬಂದಾಗ, ನಾಲ್ಕು ಮಂದಿಯೊಳಗೆ ಹೋಗುವಾಗ ಚೆಂದ ಕಾಣಬೇಕೆಂದು ಖಣದ ಕುಪ್ಪಸ ತೊಟ್ಟು ಸಾಲಿನಲ್ಲಿ ನಿಂತದ್ದು ನನ್ನದೇ ಅಪರಾಧ. ಅದರ ತೋಳು ಮೊಳಕೈವರೆಗೆ ಅಗದಿ ಬಿಗಿ, ಎಷ್ಟು ಏರಿಸಿದರೂ ಏರಲಿಲ್ಲ. ಸೂಜಿ ಹಿಡಿದಿದ್ದ ಸಿಸ್ಟರ್ ಬಲು ಜಾಣರು; "ಇರ್ಲಿ ಬಿಡ್ರಿ ಅಕ್ಕಾರ" ಎಂದು ಕುತ್ತಿಗೆಯ ಕಡೆಯಿಂದ ಕುಪ್ಪಸ ಜಗ್ಗಿ, ಕಣ್ಣಿಗೆ ಕಂಡ ಭುಜದ ನೆತ್ತಿಗೇ ಚುಚ್ಚಿ ಕಳಿಸಿದರು. ಲಸಿಕೆಯ ಮೇಲೆ ನನ್ನ ತಕರಾರಿಲ್ಲ, ಪಾಪ, ಅದೇನು ಮಾಡೀತು? ಆದರೆ ತೋಳಿಗೆ ಬೀಳಬೇಕಾದ ಸೂಜಿ ಭುಜದ ಕೀಲಿಗೇ ಇಳಿದಿದೆ ಎಂದು ಹುಬ್ಬಳ್ಳಿಯ ಎಲುಬಿನ ಡಾಕ್ಟರು ಬರೆದುಕೊಟ್ಟಿದ್ದಾರೆ. ಹನ್ನೊಂದು ತಿಂಗಳಾಯಿತು, ತಲೆ ಬಾಚಿಕೊಳ್ಳಲೂ ಆಗುತ್ತಿಲ್ಲ.

ಪರಿಹಾರ ಕೇಳಿದ್ದಕ್ಕೆ ತಾವು ಕಳಿಸಿದ ಆದೇಶವನ್ನು ಮೂರು ಸಲ ಓದಿಸಿ ಕೇಳಿದೆ. "ಲಸಿಕೆ ಹಾಕುವುದು ತೋಳಿಗೆ, ಅರ್ಜಿದಾರರ ನೋವು ಭುಜದಲ್ಲಿ, ಆದ್ದರಿಂದ ಸಂಬಂಧವಿಲ್ಲ." ಅಬ್ಬಬ್ಬಾ! ನಾನು ಹನ್ನೊಂದು ತಿಂಗಳಿಂದ ಬಾಯಿ ಬಡಿದುಕೊಳ್ಳುತ್ತಿರುವುದನ್ನೇ ತಾವು ಒಂದು ಸಾಲಿನಲ್ಲಿ ಬರೆದು, ಅದರ ಕೆಳಗೇ ವಜಾ ಎಂದು ಸಿಕ್ಕಾ ಒತ್ತಿದ್ದೀರಿ. ಇಂಥ ಬುದ್ಧಿಗೆ ದೃಷ್ಟಿ ತೆಗೆಸಬೇಕು.

ದಿನಕ್ಕೆ ಇನ್ನೂರು ರೊಟ್ಟಿ ಬಡಿದು ಖಾನಾವಳಿಗೆ ಕೊಟ್ಟು ಮಗಳು ದಾನೇಶ್ವರಿಯನ್ನು ಕಾಲೇಜಿಗೆ ಕಳಿಸುತ್ತಿದ್ದೆ. ಈಗ ಅವಳು ಕಾಲೇಜು ಬಿಟ್ಟು ಒಲೆಯ ಮುಂದೆ ಕೂತಿದ್ದಾಳೆ. "ಚಿಂತಿ ಮಾಡಬ್ಯಾಡವ್ವಾ" ಅನ್ನುತ್ತಾಳೆ. ನನ್ನ ಕೈ ನೆಟ್ಟಗಾಗುವವರೆಗೆ ರೊಟ್ಟಿ ಬಡಿಯಲು ಒಬ್ಬಾಕೆಯನ್ನು ಇಟ್ಟುಕೊಳ್ಳುವಷ್ಟು ಪರಿಹಾರ ಕೊಡಿ, ಹುಡುಗಿ ಕಾಲೇಜಿಗೆ ಹೋಗಲಿ. ಅದಕ್ಕೆ ನಿಯಮ ಅಡ್ಡ ಬಂದರೆ, ಬರೀ ಸಹಿಗಷ್ಟೇ ಬಳಕೆಯಾಗುವ ತಮ್ಮ ಬಲಭುಜವನ್ನು ಆರು ತಿಂಗಳ ನಿಯೋಜನೆಯ ಮೇಲೆ ಶಲವಡಿಗೆ ಕಳಿಸಿಕೊಡುವ ಕೃಪೆಯಾಗಬೇಕು. ಹಾಜರಿ ಬೆಳಗಿನ ಐದಕ್ಕೆ. ಹಂಚಿನ ಬಿಸಿಗೆ ಪ್ರತ್ಯೇಕ ಭತ್ಯೆ ಇರುವುದಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿ,
ಮಹಾನಂದಾ

ತಾ.ಕ.: ವಿಚಾರಣೆಯ ದಿನ, ಅರ್ಜಿ ವಜಾ ಮಾಡಲು ಆಕ್ಷೇಪಣೆ ಇದ್ದವರು ಕೈ ಎತ್ತಬೇಕು ಎಂದಿರಿ. ಬಲಗೈ ಏಳಲಿಲ್ಲ, ಹಿರಿಯರೆದುರು ಎಡಗೈ ಎತ್ತಬಾರದೆಂದು ಸುಮ್ಮನೆ ಕೂತೆ. "ಅರ್ಜಿದಾರರ ಆಕ್ಷೇಪಣೆ ಇಲ್ಲ" ಎಂದು ಬರೆಸಿದಿರಿ. ಇನ್ನು ಕೋರ್ಟಿನಲ್ಲಿ ಭೇಟಿಯಾಗೋಣ. ಅಲ್ಲಿ ಎಡಗೈಯನ್ನೇ ಎತ್ತುತ್ತೇನೆ.